ಒಂದೇ ಲ್ಯುಕೇಮಿಯಾ, ಬೇರೆ ಬೇರೆ ಚಿಕಿತ್ಸೆ: ಯಾರಿಗೆ ಯಾವುದು, ಯಾಕೆ?

ಬೇರೆ ಯಾವುದೋ ಕಾರಣಕ್ಕೆ ರಕ್ತ ಪರೀಕ್ಷೆ ಮಾಡಿಸಿರುತ್ತಾರೆ. ರಿಪೋರ್ಟ್‌ನಲ್ಲಿ ಬಿಳಿ ರಕ್ತಕಣ ಜಾಸ್ತಿ ಇದೆ ಎಂದು ಬರುತ್ತದೆ. ಇನ್ನೊಂದೆರಡು ಪರೀಕ್ಷೆ ಆದ ಮೇಲೆ ಡಾಕ್ಟರು ಕ್ರಾನಿಕ್ ಲಿಂಫೋಸೈಟಿಕ್ ಲ್ಯುಕೇಮಿಯಾ ಎನ್ನುತ್ತಾರೆ. ಚಿಕ್ಕದಾಗಿ ಸಿಎಲ್‌ಎಲ್. ಈ ರಕ್ತದ ಕ್ಯಾನ್ಸರ್ ಎಷ್ಟೋ ಜನರಲ್ಲಿ ಗೊತ್ತಾಗುವುದೇ ಹೀಗೆ, ಮೈಯಲ್ಲಿ ಯಾವ ತೊಂದರೆಯೂ ಇಲ್ಲದಿರುವಾಗ. ಹೆಚ್ಚಿನವರ ವಯಸ್ಸು ಆಗ 70ರ ಆಸುಪಾಸು.

ಮುಂದಿನ ಕತೆ ಮಾತ್ರ ಒಬ್ಬೊಬ್ಬರದು ಒಂದೊಂದು ಥರ. ಕೆಲವರಿಗೆ ಒಂದೆರಡು ವರ್ಷದಲ್ಲೇ ಚಿಕಿತ್ಸೆ ಬೇಕಾಗುತ್ತದೆ. ಕೆಲವರು ಹತ್ತು ವರ್ಷ ಆರಾಮಾಗಿ ಇರುತ್ತಾರೆ. ಇನ್ನು ಕೆಲವರಿಗೆ ಬದುಕಿರುವವರೆಗೂ ಒಂದು ಮಾತ್ರೆಯೂ ಬೇಕಾಗುವುದಿಲ್ಲ. ಹೆಸರು ಒಂದೇ ಆದರೂ ಕಾಯಿಲೆಯ ನಡೆ ಇಷ್ಟು ಬೇರೆ ಇದ್ದಾಗ, ಎಲ್ಲರಿಗೂ ಒಂದೇ ಔಷಧಿ ಕೊಡುವುದರಲ್ಲಿ ಅರ್ಥವಿಲ್ಲ ಅಲ್ವಾ?

ಹಾಗಾಗಿ ಈಗ ‘ಅಪಾಯ ನೋಡಿ ಚಿಕಿತ್ಸೆ’ ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಆದರೆ ಯಾರ ಅಪಾಯ, ಎಂಥ ಅಪಾಯ? ಇಲ್ಲಿ ಎರಡು ಪ್ರಶ್ನೆಗಳಿವೆ. ಈ ಕಾಯಿಲೆ ಎಷ್ಟು ಜೋರಿನದು? ಈ ಔಷಧಿ ಈ ಮೈಗೆ ಎಷ್ಟು ಅಪಾಯ? ಮೊದಲನೆಯದಕ್ಕೆ ಲ್ಯಾಬ್ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ರೋಗಿಯ ಹೃದಯ, ಕಿಡ್ನಿ, ಈಗಾಗಲೇ ನುಂಗುತ್ತಿರುವ ಮಾತ್ರೆಗಳು, ಮನೆಯ ಪರಿಸ್ಥಿತಿ ಎಲ್ಲವನ್ನೂ ಕೇಳಬೇಕು. ಎರಡೂ ಉತ್ತರ ಕೈಯಲ್ಲಿ ಇಲ್ಲದೆ ಔಷಧಿ ಶುರು ಮಾಡುವುದು ತಪ್ಪು ಎಂಬುದೇ ನನ್ನ ವಾದ.

ಮೊದಲ ತೀರ್ಮಾನ: ಈಗ ಬೇಕೇ, ಬೇಡವೇ?

ಕ್ಯಾನ್ಸರ್ ಇದೆ ಎಂದು ಹೇಳಿ, ‘ಸದ್ಯಕ್ಕೆ ಏನೂ ಮಾಡುವುದು ಬೇಡ, ಮೂರು ತಿಂಗಳು ಬಿಟ್ಟು ಬನ್ನಿ’ ಎಂದರೆ ಯಾರಿಗಾದರೂ ದಿಗಿಲಾಗುತ್ತದೆ. ಕೈಬಿಟ್ಟರೇನೋ ಎನಿಸುತ್ತದೆ. ಆದರೆ ತೊಂದರೆ ಕೊಡದ ಸಿಎಲ್‌ಎಲ್‌ಗೆ ಕಾಯುವುದೇ ಸರಿಯಾದ ದಾರಿ. ಇದನ್ನು ಪರೀಕ್ಷೆಗೆ ಒಡ್ಡಿ ನೋಡಿದ್ದಾರೆ. ಕ್ಲೋರಾಂಬ್ಯುಸಿಲ್ ಎಂಬ ಹಳೆಯ ಕೀಮೋ ಮಾತ್ರೆಯನ್ನು ಬೇಗ ಶುರು ಮಾಡಿದರೆ ಆಯಸ್ಸು ಹೆಚ್ಚುತ್ತದೆಯೇ ಎಂದು ಫ್ರಾನ್ಸಿನಲ್ಲಿ ನೋಡಿದರು. 1998ರಲ್ಲಿ ಬಂದ ಫಲಿತಾಂಶ: ಇಲ್ಲ. ಹೊಸ ಔಷಧಿಗಳು ಬಂದ ಮೇಲೆ ಜರ್ಮನಿಯ ತಂಡ ಅದೇ ಪ್ರಶ್ನೆಯನ್ನು ಇಬ್ರುಟಿನಿಬ್ ಇಟ್ಟುಕೊಂಡು ಮತ್ತೆ ಕೇಳಿತು. ಅದು ಸಿಎಲ್‌ಎಲ್12 ಎಂಬ ಅಧ್ಯಯನ. ಕಾಯಿಲೆ ಮುಂದುವರಿಯುವುದು ತಡವಾಯಿತು, ನಿಜ. ಆದರೆ ಜನ ಹೆಚ್ಚು ಕಾಲ ಬದುಕಲಿಲ್ಲ. ಎದೆಬಡಿತದ ಏರುಪೇರು, ರಕ್ತಸ್ರಾವದಂಥ ತೊಂದರೆಗಳು ಮಾತ್ರ ಔಷಧಿ ತೆಗೆದುಕೊಂಡವರಲ್ಲಿ ಜಾಸ್ತಿಯಾದವು.

ಹಾಗಾದರೆ ಯಾವಾಗ ಶುರು ಮಾಡಬೇಕು? ಜಗತ್ತಿನಾದ್ಯಂತ ಡಾಕ್ಟರುಗಳು ಬಳಸುವ ಮಾನದಂಡ ಒಂದಿದೆ. ಹಿಮೋಗ್ಲೋಬಿನ್ 10ಕ್ಕಿಂತ ಕೆಳಗೆ ಅಥವಾ ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕೆಳಗೆ ಇಳಿಯತೊಡಗಿದರೆ. ಕತ್ತು, ಕಂಕುಳಂಥ ಕಡೆಯ ದುಗ್ಧ ಗ್ರಂಥಿಗಳ ಗಂಟುಗಳು ಅಥವಾ ಗುಲ್ಮ ತುಂಬಾ ದೊಡ್ಡದಾಗಿ ತೊಂದರೆ ಕೊಟ್ಟರೆ. ಆರು ತಿಂಗಳಲ್ಲಿ ಮೈತೂಕ ನೂರಕ್ಕೆ ಹತ್ತರಷ್ಟು ಇಳಿದರೆ. ಸೋಂಕಿಲ್ಲದೆ ಎರಡು ವಾರ ಜ್ವರ ಕಾಡಿದರೆ, ತಿಂಗಳುಗಟ್ಟಲೆ ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರಿದರೆ. ಈ ಕಾಯಿಲೆಯಲ್ಲಿ ಹೆಚ್ಚುವ ಬಿಳಿಕಣವಾದ ಲಿಂಫೋಸೈಟ್‌ನ ಸಂಖ್ಯೆ ಆರು ತಿಂಗಳೊಳಗೆ ದುಪ್ಪಟ್ಟಾದರೆ ಅದೂ ಒಂದು ಸೂಚನೆ. ಸಂಖ್ಯೆ ದೊಡ್ಡದಿದೆ ಎಂಬುದಷ್ಟೇ ಕಾರಣವಲ್ಲ. ರಿಪೋರ್ಟ್‌ನಲ್ಲಿ ಲಕ್ಷ ದಾಟಿದ ಬಿಳಿಕಣ ನೋಡಿ ಮನೆಯವರು ಗಾಬರಿಯಾಗುತ್ತಾರೆ. ಆ ಸಂಖ್ಯೆ ಎಷ್ಟು ವೇಗವಾಗಿ ಏರಿತು, ಉಳಿದ ರಕ್ತಕಣಗಳು ಹೇಗಿವೆ ಎಂಬುದು ಅದಕ್ಕಿಂತ ಮುಖ್ಯ.

ಕಾಯುವ ಕಾಲದಲ್ಲೂ ಮಾಡುವ ಕೆಲಸ ಇದೆ. ಸಿಎಲ್‌ಎಲ್ ಇದ್ದವರಲ್ಲಿ ರೋಗನಿರೋಧಕ ಶಕ್ತಿ ಮೊದಲಿನಿಂದಲೇ ಸೊರಗಿರುತ್ತದೆ. ನ್ಯುಮೋನಿಯಾ, ಫ್ಲೂ ಲಸಿಕೆಗಳನ್ನು ಚಿಕಿತ್ಸೆ ಶುರುವಾಗುವ ಮೊದಲೇ ಹಾಕಿಸಿಕೊಂಡರೆ ಪರಿಣಾಮ ಚೆನ್ನಾಗಿರುತ್ತದೆ. ಜೀವಂತ ವೈರಸ್ ಇರುವ ಲಸಿಕೆ ಮಾತ್ರ ಬೇಡ. ಚರ್ಮದ ಕ್ಯಾನ್ಸರ್ ಸೇರಿದಂತೆ ಬೇರೆ ಕ್ಯಾನ್ಸರ್‌ಗಳ ಅಪಾಯವೂ ಇವರಿಗೆ ಹೆಚ್ಚು. ಇದನ್ನೆಲ್ಲ ಬಿಡಿಸಿ ಹೇಳಿದರೆ ‘ಕಾಯಿರಿ’ ಎಂಬ ಮಾತು ಸುಮ್ನೆ ಮನೆಗೆ ಕಳಿಸಿದಂತೆ ಕೇಳುವುದಿಲ್ಲ.

ಜೀನುಗಳು ಏನು ಹೇಳುತ್ತವೆ

ಹಿಂದೆ ಅಪಾಯ ಅಳೆಯಲು ಇದ್ದದ್ದು ಕೈ ಮತ್ತು ರಕ್ತದ ಎಣಿಕೆ ಮಾತ್ರ. 1975ರ ರೈ ಹಂತಗಳು, 1981ರ ಬಿನೆ ಹಂತಗಳು ಎರಡೂ ಹಾಗೇ ಹುಟ್ಟಿದವು. ಗಂಟು ಎಲ್ಲೆಲ್ಲಿದೆ, ಗುಲ್ಮ ಊದಿದೆಯೇ, ರಕ್ತ ಕಮ್ಮಿಯಾಗಿದೆಯೇ ಎಂದು ನೋಡಿ ಹಂತ ಹೇಳುವುದು. ಇವತ್ತಿಗೂ ಅವು ಬಳಕೆಯಲ್ಲಿವೆ. ಆದರೆ ಒಂದೇ ಹಂತದಲ್ಲಿರುವ ಇಬ್ಬರ ಕಾಯಿಲೆ ಬೇರೆ ಬೇರೆ ದಿಕ್ಕಿಗೆ ಹೋಗುವುದು ಯಾಕೆ ಎಂದು ಅವು ಹೇಳಲಾರವು.

ಅದಕ್ಕೆ ಉತ್ತರ ಸಿಗತೊಡಗಿದ್ದು 1999 ಮತ್ತು 2000ದಲ್ಲಿ. 1999ರಲ್ಲಿ ಎರಡು ತಂಡಗಳು ಐಜಿಎಚ್‌ವಿ ಎಂಬ ಜೀನನ್ನು ನೋಡಿದವು. ಸಿಎಲ್‌ಎಲ್ ಹುಟ್ಟುವುದು ಬಿ ಕಣ ಎಂಬ ಒಂದು ಬಗೆಯ ಲಿಂಫೋಸೈಟ್‌ನಿಂದ; ಪ್ರತಿಕಾಯ ತಯಾರಿಸಲು ಅದು ಬಳಸುವ ಜೀನು ಇದು. ಸೋಂಕಿನ ಜೊತೆ ಪಳಗಿದ ಬಿ ಕಣಗಳಲ್ಲಿ ಈ ಜೀನು ಬದಲಾಗಿರುತ್ತದೆ. ಅಂಥ ಕಣದಿಂದ ಹುಟ್ಟಿದ ಸಿಎಲ್‌ಎಲ್ ಸಾಮಾನ್ಯವಾಗಿ ನಿಧಾನ. ಜೀನು ಬದಲಾಗದೆ ಉಳಿದಿದ್ದರೆ ಕಾಯಿಲೆಗೆ ವೇಗ ಜಾಸ್ತಿ. ಇಲ್ಲಿ ‘ಬದಲಾಗಿದೆ’ ಎಂದರೆ ಒಳ್ಳೆಯ ಸುದ್ದಿ. ಮ್ಯುಟೇಶನ್ ಎಂಬ ಪದ ಕೇಳಿದ ಕೂಡಲೇ ರೋಗಿಗಳು ಹೆದರುತ್ತಾರೆ, ಅದಕ್ಕೇ ಇದನ್ನು ಒತ್ತಿ ಹೇಳಬೇಕು.

2000ದಲ್ಲಿ ಜರ್ಮನಿಯ ಸಂಶೋಧಕ ಹಾರ್ಟ್‌ಮುಟ್ ಡೋನರ್ ಮತ್ತು ಸಂಗಡಿಗರು ಕ್ರೋಮೋಸೋಮ್‌ಗಳನ್ನು ನೋಡಿ ಬರೆದ ಲೇಖನ ಇನ್ನೊಂದು ಬಾಗಿಲು ತೆರೆಯಿತು. 13ನೇ ಕ್ರೋಮೋಸೋಮ್‌ನ ಒಂದು ತುಂಡು ಮಾತ್ರ ಕಳೆದುಹೋಗಿದ್ದವರು ಚೆನ್ನಾಗಿದ್ದರು. ಅವರಲ್ಲಿ ಅರ್ಧದಷ್ಟು ಜನ 133 ತಿಂಗಳು ದಾಟಿ ಬದುಕಿದ್ದರು. 17ನೇ ಕ್ರೋಮೋಸೋಮ್‌ನ ತುಂಡು ಕಳೆದುಕೊಂಡವರಲ್ಲಿ ಆ ಅಂಕಿ 32 ತಿಂಗಳು. ಒಂದೇ ಕಾಯಿಲೆಯ ಹೆಸರಿನ ಕೆಳಗೆ ಇಷ್ಟು ಅಂತರ.

17ನೇ ಕ್ರೋಮೋಸೋಮ್‌ನ ಆ ತುಂಡಿನಲ್ಲಿ ಇರುವುದು ಟಿಪಿ53 ಜೀನು. ಕಣದ ಡಿಎನ್‌ಎ ಹಾಳಾದಾಗ ‘ಇನ್ನು ಸಾಕು, ಸಾಯಿ’ ಎಂದು ಆಜ್ಞೆ ಕೊಡುವುದು ಇದೇ. ಕೀಮೋ ಕೆಲಸ ಮಾಡುವುದೇ ಡಿಎನ್‌ಎ ಹಾಳು ಮಾಡಿ. ಆಜ್ಞೆ ಕೊಡುವವನೇ ಇಲ್ಲದಿದ್ದರೆ ಕೀಮೋದಿಂದ ಕ್ಯಾನ್ಸರ್ ಕಣ ಸಾಯುವುದಿಲ್ಲ. ಒಳ್ಳೆಯ ಕಣಗಳು ಮಾತ್ರ ನರಳುತ್ತವೆ. ಟಿಪಿ53 ಕೆಟ್ಟಿರುವ ರೋಗಿಗೆ ಕೀಮೋ ಕೊಡುವುದೆಂದರೆ ಬಹುಪಾಲು ತೊಂದರೆಯನ್ನಷ್ಟೇ ಕೊಡುವುದು. ಕ್ಯಾನ್ಸರ್ ಕಣಕ್ಕೆ ಬೆಳೆಯಲು ಸೂಚನೆ ಕೊಡುವ ಬಿಟಿಕೆ ಎಂಬ ಪ್ರೋಟೀನನ್ನು ತಡೆಯುವ ಮಾತ್ರೆಗಳು (ಇಬ್ರುಟಿನಿಬ್ ಅಂಥದ್ದೇ) ಮತ್ತು ವೆನೆಟೋಕ್ಲಾಕ್ಸ್ ಎಂಬ ಮಾತ್ರೆ ಬೇರೆ ದಾರಿಯಲ್ಲಿ ಕಣವನ್ನು ಕೊಲ್ಲುತ್ತವೆ. ಟಿಪಿ53 ಇಲ್ಲದಿದ್ದರೂ ಅವು ಕೆಲಸ ಮಾಡುತ್ತವೆ. ಇಬ್ರುಟಿನಿಬ್ 2014ರಲ್ಲಿ, ವೆನೆಟೋಕ್ಲಾಕ್ಸ್ 2016ರಲ್ಲಿ ಅಮೆರಿಕದಲ್ಲಿ ಸಿಎಲ್‌ಎಲ್‌ಗೆ ಒಪ್ಪಿಗೆ ಪಡೆದಾಗ ಈ ರೋಗಿಗಳ ಬದುಕೇ ಬದಲಾಯಿತು.

ಇಲ್ಲಿ ಒಂದು ಎಡವಟ್ಟು ಆಗಾಗ ನಡೆಯುತ್ತದೆ. ಫಿಶ್ ಎಂಬ ಪರೀಕ್ಷೆ 17ನೇ ಕ್ರೋಮೋಸೋಮ್‌ನ ತುಂಡು ಇದೆಯೋ ಇಲ್ಲವೋ ಎಂದಷ್ಟೇ ನೋಡುತ್ತದೆ. ತುಂಡು ಅಲ್ಲೇ ಇದ್ದು, ಅದರೊಳಗಿನ ಟಿಪಿ53 ಕೆಟ್ಟಿರಬಹುದು. ಅದನ್ನು ಹಿಡಿಯಲು ಜೀನಿನ ಅಕ್ಷರಗಳನ್ನು ಓದುವ ಪರೀಕ್ಷೆ ಬೇಕು, ಅಂದರೆ ಸೀಕ್ವೆನ್ಸಿಂಗ್. ಫಿಶ್ ಚೆನ್ನಾಗಿ ಬಂದಿದೆ ಎಂದು ಅಲ್ಲಿಗೇ ನಿಲ್ಲಿಸಿದರೆ ಕೆಲವರ ನಿಜವಾದ ಅಪಾಯ ಕಣ್ಣಿಗೆ ಬೀಳುವುದೇ ಇಲ್ಲ. ಇನ್ನೊಂದು ಮಾತು: ಐಜಿಎಚ್‌ವಿ ಜೀವನದಲ್ಲಿ ಒಮ್ಮೆ ನೋಡಿದರೆ ಸಾಕು, ಅದು ಬದಲಾಗುವುದಿಲ್ಲ. ಟಿಪಿ53 ಹಾಗಲ್ಲ. ಮೊದಲು ಸರಿ ಇದ್ದದ್ದು ಕೆಲ ವರ್ಷಗಳ ನಂತರ ಕೆಟ್ಟಿರಬಹುದು. ಆದ್ದರಿಂದ ಪ್ರತಿ ಹೊಸ ಚಿಕಿತ್ಸೆಗೂ ಮೊದಲು ಅದನ್ನು ಮತ್ತೆ ನೋಡಬೇಕು. ಮಾರ್ಗಸೂಚಿಗಳು ಇದನ್ನು ಸ್ಪಷ್ಟವಾಗಿ ಹೇಳುತ್ತವೆ. ಆದರೂ ಈ ಪರೀಕ್ಷೆಗಳಿಲ್ಲದೆಯೇ ಎಷ್ಟೋ ರೋಗಿಗಳಿಗೆ ಚಿಕಿತ್ಸೆ ಶುರುವಾಗುತ್ತದೆ. ವರ್ಷಗಟ್ಟಲೆ ನಡೆಯುವ ಚಿಕಿತ್ಸೆ ಇದು. ಅದರ ಮುಂದೆ ಒಂದು ಪರೀಕ್ಷೆಯ ಖರ್ಚು, ಎರಡು ವಾರದ ಕಾಯುವಿಕೆ ದೊಡ್ಡದಲ್ಲ. ಸಿಎಲ್‌ಎಲ್‌ನಲ್ಲಿ ಅಷ್ಟು ಕಾಯಲು ಬಹುತೇಕ ಯಾವಾಗಲೂ ಪುರಸೊತ್ತು ಇರುತ್ತದೆ.

ಅಂಕ ಹಾಕುವ ಪಟ್ಟಿಗೂ ವಯಸ್ಸಾಗುತ್ತದೆ

2016ರಲ್ಲಿ ಸಿಎಲ್‌ಎಲ್-ಐಪಿಐ ಎಂಬ ಅಂಕಪಟ್ಟಿ ಬಂತು. ಟಿಪಿ53 ಕೆಟ್ಟಿದ್ದರೆ 4 ಅಂಕ. ಐಜಿಎಚ್‌ವಿ ಬದಲಾಗದಿದ್ದರೆ 2, ರಕ್ತದಲ್ಲಿ ಬೀಟಾ-2 ಮೈಕ್ರೋಗ್ಲೋಬ್ಯುಲಿನ್ ಎಂಬ ಪ್ರೋಟೀನ್ 3.5ಕ್ಕಿಂತ ಮೇಲಿದ್ದರೆ 2. ಕಾಯಿಲೆ ಆರಂಭದ ಹಂತ ದಾಟಿದ್ದರೆ 1, ವಯಸ್ಸು 65 ದಾಟಿದ್ದರೆ 1. ಒಟ್ಟು ಹತ್ತು. ಅಂಕ 0 ಅಥವಾ 1 ಇದ್ದವರಲ್ಲಿ ಐದು ವರ್ಷದ ನಂತರ ನೂರಕ್ಕೆ 93 ಜನ ಬದುಕಿದ್ದರು. 7ರಿಂದ 10 ಇದ್ದವರಲ್ಲಿ ನೂರಕ್ಕೆ 23 ಮಾತ್ರ.

ಈ ಕೊನೆಯ ಅಂಕಿಯನ್ನು ರಾತ್ರಿ ಫೋನಿನಲ್ಲಿ ಓದಿ ನಿದ್ದೆಗೆಟ್ಟವರು ಎಷ್ಟು ಜನರೋ. ಅವರಿಗೆ ಒಂದು ವಿಷಯ ಗೊತ್ತಾಗಲೇಬೇಕು. ಈ ಲೆಕ್ಕ ಕಟ್ಟಿದ್ದು ಮುಖ್ಯವಾಗಿ ಕೀಮೋ ಕಾಲದ ರೋಗಿಗಳ ಮಾಹಿತಿಯಿಂದ. ‘ಹೆಚ್ಚು ಅಪಾಯ’ ಎಂದರೆ ಆಗಿನ ಔಷಧಿ ಕೊಟ್ಟಾಗ ಹೆಚ್ಚು ಅಪಾಯ ಎಂದರ್ಥ. ಔಷಧಿ ಬದಲಾದರೆ ಅಪಾಯವೂ ಬದಲಾಗುತ್ತದೆ. ಐಜಿಎಚ್‌ವಿ ಬದಲಾಗದವರು ಕೀಮೋದಲ್ಲಿ ಬೇಗ ಮರುಕಳಿಕೆ ಕಾಣುತ್ತಿದ್ದರು. ಬಿಟಿಕೆ ಮಾತ್ರೆಗಳಲ್ಲಿ ಅವರೂ ಉಳಿದವರೂ ಹೆಚ್ಚುಕಡಿಮೆ ಒಂದೇ ಥರ ಚೆನ್ನಾಗಿರುತ್ತಾರೆ. ಟಿಪಿ53 ಕೆಟ್ಟಿದ್ದರೆ ಇವತ್ತಿಗೂ ಅಪಾಯ ಹೆಚ್ಚೇ, ಆದರೆ ಆ 32 ತಿಂಗಳ ಕಾಲ ಹಿಂದೆ ಬಿದ್ದಿದೆ. ಅಂಕಪಟ್ಟಿ ಬೇಡವೆಂದಲ್ಲ. ಅದನ್ನು ಭವಿಷ್ಯವಾಣಿಯಂತೆ ಓದಬಾರದು. ಯಾವ ಔಷಧಿ ಹೊಂದುತ್ತದೆ ಎಂದು ತೀರ್ಮಾನಿಸಲು ಓದಬೇಕು.

ಔಷಧಿಯ ಅಪಾಯ

ಮೊದಲ ಸಲ ಚಿಕಿತ್ಸೆ ಬೇಕಾದವರ ಮುಂದೆ ಈಗ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಬಿಟಿಕೆ ತಡೆಯುವ ಮಾತ್ರೆ: ಇಬ್ರುಟಿನಿಬ್, ಅಕಾಲಾಬ್ರುಟಿನಿಬ್, ಜನುಬ್ರುಟಿನಿಬ್. ಅದು ಕೆಲಸ ಮಾಡುವವರೆಗೂ ದಿನಾ ನುಂಗುತ್ತಲೇ ಇರಬೇಕು. ಇನ್ನೊಂದು, ವೆನೆಟೋಕ್ಲಾಕ್ಸ್ ಮಾತ್ರೆ ಜೊತೆಗೆ ಒಬಿನುಟುಜುಮ್ಯಾಬ್ ಡ್ರಿಪ್. ಇದು ಸುಮಾರು ಒಂದು ವರ್ಷಕ್ಕೆ ಮುಗಿಯುತ್ತದೆ. ಎರಡನ್ನೂ ಬೆರೆಸುವ ದಾರಿಗಳೂ ಬಂದಿವೆ. ಎರಡೂ ಒಳ್ಳೆಯವೇ. ಹಾಗಾಗಿ ಆಯ್ಕೆ ಬಹುಪಾಲು ನಿಂತಿರುವುದು ರೋಗಿಯ ಮೈ ಮೇಲೆ.

ಹೃದಯದಿಂದ ಶುರು ಮಾಡೋಣ. ಬಿಟಿಕೆ ಮಾತ್ರೆಗಳು, ಅದರಲ್ಲೂ ಇಬ್ರುಟಿನಿಬ್, ಏಟ್ರಿಯಲ್ ಫಿಬ್ರಿಲೇಶನ್ ಎಂಬ ಎದೆಬಡಿತದ ಏರುಪೇರು ತರಬಹುದು. ಬಿಪಿಯನ್ನೂ ಏರಿಸಬಹುದು. ಅಕಾಲಾಬ್ರುಟಿನಿಬ್ ಮತ್ತು ಇಬ್ರುಟಿನಿಬ್ ಹೋಲಿಸಿದ ಅಧ್ಯಯನದಲ್ಲಿ ಈ ಏರುಪೇರು ಕಂಡದ್ದು ನೂರಕ್ಕೆ 9 ಮತ್ತು 16 ಜನರಲ್ಲಿ. ಜನುಬ್ರುಟಿನಿಬ್ ಕೂಡ ಹೃದಯಕ್ಕೆ ಇಬ್ರುಟಿನಿಬ್‌ಗಿಂತ ಮೃದು, ಕಾಯಿಲೆ ಹತೋಟಿಯಲ್ಲೂ ಅದಕ್ಕಿಂತ ಮೇಲು ಎಂದು ಆಲ್ಪೈನ್ ಅಧ್ಯಯನ ತೋರಿಸಿತು. ಇದರ ಜೊತೆಗೆ ರಕ್ತಸ್ರಾವದ ಮಾತು. ಈ ಗುಂಪಿನ ಮಾತ್ರೆಗಳು ಪ್ಲೇಟ್‌ಲೆಟ್‌ಗಳ ಕೆಲಸಕ್ಕೆ ಅಡ್ಡ ಬರುತ್ತವೆ. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಔಷಧಿ ಈಗಾಗಲೇ ಬೇಕಿರುವವರಿಗೆ ಇದು ಸಣ್ಣ ವಿಷಯವಲ್ಲ. ಆಪರೇಷನ್ ಇದ್ದರೆ ಕೆಲವು ದಿನ ಮೊದಲು ಮತ್ತು ನಂತರ ಮಾತ್ರೆ ನಿಲ್ಲಿಸಬೇಕಾಗುತ್ತದೆ. ಹಲ್ಲು ಕೀಳಿಸುವುದಿದ್ದರೂ ಮೊದಲೇ ಡಾಕ್ಟರಿಗೆ ತಿಳಿಸಬೇಕು.

ಇನ್ನು ವೆನೆಟೋಕ್ಲಾಕ್ಸ್. ಇದರ ಅಪಾಯ ಅದು ತುಂಬಾ ಚೆನ್ನಾಗಿ ಕೆಲಸ ಮಾಡುವುದರಿಂದಲೇ ಬರುತ್ತದೆ. ಕ್ಯಾನ್ಸರ್ ಕಣಗಳು ಒಂದೇ ಸಲ ದಂಡಿಯಾಗಿ ಸತ್ತರೆ ಅವುಗಳ ಒಳಗಿದ್ದ ಪೊಟ್ಯಾಸಿಯಂ, ಫಾಸ್ಫೇಟ್ ಎಲ್ಲ ರಕ್ತಕ್ಕೆ ಸುರಿಯುತ್ತದೆ. ಯೂರಿಕ್ ಆಸಿಡ್ ಏರುತ್ತದೆ. ಕಿಡ್ನಿ ಸೋಲಬಹುದು, ಹೃದಯ ನಿಲ್ಲಬಹುದು. ಇದಕ್ಕೆ ಟ್ಯೂಮರ್ ಲೈಸಿಸ್ ಎನ್ನುತ್ತಾರೆ. ಮೊದಮೊದಲ ಪ್ರಯೋಗಗಳಲ್ಲಿ ಇದರಿಂದ ಸಾವುಗಳೂ ಆದವು. ಆ ಪಾಠದಿಂದ ಬಂದದ್ದೇ ಮೆಟ್ಟಿಲು ಮೆಟ್ಟಿಲಾಗಿ ಡೋಸ್ ಏರಿಸುವ ಕ್ರಮ. ಮೊದಲ ವಾರ 20 ಮಿಲಿಗ್ರಾಂ, ನಂತರ ವಾರಕ್ಕೊಮ್ಮೆ 50, 100, 200, ಕೊನೆಗೆ 400.

ಈ ಐದು ವಾರಗಳಲ್ಲಿ ಯಾರಿಗೆ ಎಷ್ಟು ಎಚ್ಚರ ಬೇಕು ಎಂಬುದೂ ಅಪಾಯ ನೋಡಿಯೇ ತೀರ್ಮಾನವಾಗುತ್ತದೆ. ಗಂಟುಗಳೆಲ್ಲ 5 ಸೆಂಟಿಮೀಟರಿಗಿಂತ ಚಿಕ್ಕದಿದ್ದು, ಲಿಂಫೋಸೈಟ್ 25,000ಕ್ಕಿಂತ ಕಮ್ಮಿ ಇದ್ದರೆ ಅಪಾಯ ಕಮ್ಮಿ. ಗಂಟು 10 ಸೆಂಟಿಮೀಟರ್ ಮುಟ್ಟಿದ್ದರೆ ಅಪಾಯ ಹೆಚ್ಚು. ಗಂಟು 5 ಸೆಂಟಿಮೀಟರ್ ಮುಟ್ಟಿದ್ದು, ಲಿಂಫೋಸೈಟ್ 25,000 ಮುಟ್ಟಿದ್ದರೂ ಅಷ್ಟೇ. ಅಂಥವರನ್ನು ಮೊದಲ ಡೋಸ್‌ಗಳಿಗೆ ಆಸ್ಪತ್ರೆಯಲ್ಲೇ ಇರಿಸಿಕೊಂಡು ಗಂಟೆಗಳ ಅಂತರದಲ್ಲಿ ರಕ್ತ ನೋಡುತ್ತಾರೆ. ಕಿಡ್ನಿ ಮೊದಲೇ ಸೊರಗಿದ್ದರೆ ಎಚ್ಚರ ಇನ್ನೂ ಹೆಚ್ಚು. ಆಸ್ಪತ್ರೆ ದೂರ ಇರುವವರಿಗೆ, ವಾರ ವಾರ ಕರೆದುಕೊಂಡು ಹೋಗುವವರಿಲ್ಲದವರಿಗೆ ಈ ಐದು ವಾರ ನಿಜಕ್ಕೂ ಕಷ್ಟ. ಇದೂ ಅಪಾಯದ ಲೆಕ್ಕಕ್ಕೆ ಸೇರಬೇಕು ಎಂದು ನನಗೆ ಅನಿಸುತ್ತದೆ. ರಕ್ತ ಪರೀಕ್ಷೆ ತಪ್ಪಿಸಿಕೊಂಡ ವೆನೆಟೋಕ್ಲಾಕ್ಸ್ ರೋಗಿಗೆ ಆಗುವ ಹಾನಿ ಪುಸ್ತಕದ ಮಾತಲ್ಲ.

ಬೇರೆ ಮಾತ್ರೆಗಳ ಜೊತೆ ಜಗಳವೂ ಇದೆ. ವೆನೆಟೋಕ್ಲಾಕ್ಸ್ ಮತ್ತು ಬಿಟಿಕೆ ಮಾತ್ರೆಗಳನ್ನು ಲಿವರ್‌ನಲ್ಲಿ ಕರಗಿಸುವುದು ಒಂದೇ ಕಿಣ್ವ. ಫಂಗಸ್‌ಗೆ ಕೊಡುವ ಕೆಲವು ಮಾತ್ರೆಗಳು, ಕ್ಲಾರಿಥ್ರೋಮೈಸಿನ್‌ನಂಥ ಆಂಟಿಬಯೋಟಿಕ್, ಗ್ರೇಪ್‌ಫ್ರೂಟ್ ಹಣ್ಣು ಆ ಕಿಣ್ವವನ್ನು ತಡೆಯುತ್ತವೆ. ಆಗ ರಕ್ತದಲ್ಲಿ ಔಷಧಿಯ ಮಟ್ಟ ಏರಿಬಿಡುತ್ತದೆ. ಕೆಲವು ಫಿಟ್ಸ್ ಮಾತ್ರೆಗಳು, ಟಿಬಿಗೆ ಕೊಡುವ ರಿಫಾಂಪಿಸಿನ್ ಇದಕ್ಕೆ ತದ್ವಿರುದ್ಧ, ಔಷಧಿಯ ಮಟ್ಟ ಇಳಿಸುತ್ತವೆ. ನುಂಗುವ ಎಲ್ಲ ಮಾತ್ರೆಗಳ ಚೀಟಿಯನ್ನು ಡಾಕ್ಟರ ಮುಂದೆ ಇಡುವುದು ಯಾವ ಜೀನ್ ಪರೀಕ್ಷೆಗೂ ಕಮ್ಮಿಯಲ್ಲ.

ವಯಸ್ಸಿನ ಬಗ್ಗೆಯೂ ಹೇಳಬೇಕು. 78ರಲ್ಲಿ ದಿನಾ ವಾಕಿಂಗ್ ಹೋಗುವವರು ಇದ್ದಾರೆ. 58ಕ್ಕೇ ಸಕ್ಕರೆ ಕಾಯಿಲೆ, ಹೃದಯದ ಸ್ಟೆಂಟ್, ಸೊರಗಿದ ಕಿಡ್ನಿ ಇರುವವರೂ ಇದ್ದಾರೆ. ಅದಕ್ಕೇ ಅಧ್ಯಯನಗಳಲ್ಲಿ ಹುಟ್ಟಿದ ವರ್ಷದ ಬದಲು ಉಳಿದ ಕಾಯಿಲೆಗಳ ಹೊರೆ ಮತ್ತು ಕಿಡ್ನಿಯ ಶಕ್ತಿ ಅಳೆದರು. ಸಿಎಲ್‌ಎಲ್14 ಅಧ್ಯಯನಕ್ಕೆ ಸೇರಿದ್ದು ಇಂಥ ಹೊರೆ ಇದ್ದವರೇ. ಅವರಲ್ಲೂ ವೆನೆಟೋಕ್ಲಾಕ್ಸ್-ಒಬಿನುಟುಜುಮ್ಯಾಬ್ ಪಡೆದ ಅರ್ಧ ಜನ ಸುಮಾರು 76 ತಿಂಗಳವರೆಗೆ ಕಾಯಿಲೆ ಮುಂದುವರಿಯದೆ ಇದ್ದರು. ಕ್ಲೋರಾಂಬ್ಯುಸಿಲ್-ಒಬಿನುಟುಜುಮ್ಯಾಬ್ ಜೋಡಿ ಪಡೆದವರಲ್ಲಿ ಅದು 36 ತಿಂಗಳು. ಟಿಪಿ53 ಕೆಟ್ಟವರಲ್ಲಿ ಮಾತ್ರ ಅದೇ ವೆನೆಟೋಕ್ಲಾಕ್ಸ್‌ನ ಅವಧಿ ಸುಮಾರು 52 ತಿಂಗಳಿಗೆ ಇಳಿಯಿತು. ಹೀಗಾಗಿ ಟಿಪಿ53 ಕೆಟ್ಟಿದ್ದು, ಹೃದಯ ಗಟ್ಟಿ ಇದ್ದರೆ ದಿನಾ ನುಂಗುವ ಬಿಟಿಕೆ ಮಾತ್ರೆಯ ಕಡೆ ಹೆಚ್ಚಿನ ಡಾಕ್ಟರುಗಳು ವಾಲುತ್ತಾರೆ. ಟಿಪಿ53 ಸರಿ ಇದ್ದು, ಹೃದಯದ ತೊಂದರೆ ಇದ್ದರೆ ಒಂದು ವರ್ಷದ ದಾರಿ ವಾಸಿ. ಟಿಪಿ53ಯೂ ಕೆಟ್ಟು ಹೃದಯವೂ ಸೊರಗಿದ್ದರೆ? ಅಲ್ಲಿ ಸಲೀಸಾದ ಉತ್ತರವಿಲ್ಲ. ಹೃದಯದ ಡಾಕ್ಟರನ್ನೂ ಕೂರಿಸಿಕೊಂಡು ಮಾತಾಡಬೇಕು.

ಚಿಕಿತ್ಸೆಯ ಅವಧಿಯನ್ನೂ ರೋಗಿಗೆ ತಕ್ಕಂತೆ ಹೊಂದಿಸುವ ಪ್ರಯತ್ನ ನಡೆದಿದೆ. ಬ್ರಿಟನ್ನಿನ ಫ್ಲೇರ್ ಅಧ್ಯಯನದಲ್ಲಿ ಇಬ್ರುಟಿನಿಬ್, ವೆನೆಟೋಕ್ಲಾಕ್ಸ್ ಜೊತೆಯಾಗಿ ಕೊಟ್ಟರು. ಹತ್ತು ಸಾವಿರ ಕಣಗಳಲ್ಲಿ ಒಂದು ಕ್ಯಾನ್ಸರ್ ಕಣವೂ ಕಾಣದಂತಾಗಲು ಯಾರಿಗೆ ಎಷ್ಟು ಸಮಯ ಹಿಡಿಯಿತೋ, ಅದರ ಮೇಲೆ ಅವರವರ ಅವಧಿ ನಿಗದಿಯಾಯಿತು. ಕೆಲವರಿಗೆ ಎರಡು ವರ್ಷ, ಕೆಲವರಿಗೆ ಆರರವರೆಗೆ. ಮೂರು ವರ್ಷಕ್ಕೆ ಕಾಯಿಲೆ ಮುಂದುವರಿಯದೆ ಇದ್ದವರು ನೂರಕ್ಕೆ 97, ಕೀಮೋ ಜೋಡಿಯಲ್ಲಿ 77. ಆದರೆ 17ನೇ ಕ್ರೋಮೋಸೋಮ್‌ನ ತುಂಡನ್ನು ನೂರಕ್ಕೆ 20ಕ್ಕಿಂತ ಹೆಚ್ಚು ಕಣಗಳಲ್ಲಿ ಕಳೆದುಕೊಂಡವರನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡಿರಲಿಲ್ಲ. ಅಂಕಿ ಓದುವಾಗ ಇದು ನೆನಪಿರಲಿ.

ಕಾಯಿಲೆ ಮರಳಿದಾಗ ಮೊದಲ ಚಿಕಿತ್ಸೆಯ ಇತಿಹಾಸವೇ ದೊಡ್ಡ ಸುಳಿವು. ವೆನೆಟೋಕ್ಲಾಕ್ಸ್ ಮುಗಿಸಿ ಹಲವು ವರ್ಷ ಚೆನ್ನಾಗಿದ್ದವರಿಗೆ ಅದನ್ನೇ ಮತ್ತೆ ಕೊಡಬಹುದು. ಬಿಟಿಕೆ ಮಾತ್ರೆ ನುಂಗುತ್ತಿರುವಾಗಲೇ ಕಾಯಿಲೆ ಎದ್ದರೆ ಅದೇ ಥರದ ಇನ್ನೊಂದು ಹಳೆಯ ಮಾತ್ರೆಗೆ ಹೋಗಿ ಪ್ರಯೋಜನವಿಲ್ಲ. ಔಷಧಿ ಅಂಟಿಕೊಳ್ಳುವ ಜಾಗವೇ ಅನೇಕರಲ್ಲಿ ಬದಲಾಗಿರುತ್ತದೆ. ಪಿರ್ಟೋಬ್ರುಟಿನಿಬ್ ಬೇರೆ ರೀತಿ ಅಂಟುವುದರಿಂದ ಅಲ್ಲಿಯೂ ಕೆಲಸ ಮಾಡಬಲ್ಲದು. ಆದರೆ ಎದೆಬಡಿತದ ತೊಂದರೆಯಿಂದ ಮಾತ್ರೆ ಬಿಟ್ಟವರ ಕತೆ ಬೇರೆ. ಅವರ ಕಾಯಿಲೆ ಔಷಧಿಗೆ ಸೋಲುತ್ತಲೇ ಇತ್ತು. ಅಂಥವರಿಗೆ ಮೃದುವಾದ ಇನ್ನೊಂದು ಬಿಟಿಕೆ ಮಾತ್ರೆ ನಡೆಯಬಹುದು. ‘ಮಾತ್ರೆ ಬದಲಿಸಿದರು’ ಎಂದು ಚೀಟಿಯಲ್ಲಿ ಬರೆದರೆ ಸಾಲದು. ಯಾಕೆ ಬದಲಿಸಿದರು ಎಂದೂ ಬರೆದಿರಬೇಕು.

ಇನ್ನೊಂದು ಕ್ರಾನಿಕ್ ಲ್ಯುಕೇಮಿಯಾ

ಸಿಎಂಎಲ್, ಅಂದರೆ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ, ಬೇರೆಯೇ ಕಾಯಿಲೆ. ಇಲ್ಲಿ ಕಾಯುವ ಮಾತಿಲ್ಲ, ಪತ್ತೆಯಾದ ಕೂಡಲೇ ಚಿಕಿತ್ಸೆ ಶುರು. ಇದರ ಬೇರು ಒಂದೇ: 9 ಮತ್ತು 22ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗಿ ಹುಟ್ಟುವ ಬಿಸಿಆರ್-ಎಬಿಎಲ್ ಜೀನು. ಅದನ್ನು ತಡೆಯುವ ಇಮಾಟಿನಿಬ್ 2001ರಲ್ಲಿ ಬಂದ ಮೇಲೆ, ಚಿಕಿತ್ಸೆಗೆ ಸರಿಯಾಗಿ ಸ್ಪಂದಿಸುವ ರೋಗಿಗಳ ಆಯಸ್ಸು ಉಳಿದವರ ಆಯಸ್ಸಿಗೆ ಹತ್ತಿರ ಬಂದಿದೆ.

ಇಲ್ಲೂ ಅಂಕಪಟ್ಟಿಗೆ ವಯಸ್ಸಾಯಿತು. 1984ರ ಸೋಕಲ್ ಅಂಕ ಮಾತ್ರೆಗಳಿಲ್ಲದ ಕಾಲದ್ದು. 2016ರಲ್ಲಿ ಬಂದ ಇಎಲ್‌ಟಿಎಸ್ ಅಂಕ ಲ್ಯುಕೇಮಿಯಾದಿಂದಲೇ ಸಾಯುವ ಅಪಾಯವನ್ನು ಪ್ರತ್ಯೇಕವಾಗಿ ಲೆಕ್ಕ ಹಾಕುತ್ತದೆ. ಈಗ ಸಿಎಂಎಲ್ ಇರುವ ಬಹಳ ಜನ ಸಾಯುವುದು ಬೇರೆ ಕಾರಣಗಳಿಂದ.

ಅಪಾಯ ಹೆಚ್ಚಿದ್ದರೆ, ಅಥವಾ ಮುಂದೆ ಮಾತ್ರೆ ನಿಲ್ಲಿಸುವ ಆಸೆ ಇದ್ದರೆ, ಇಮಾಟಿನಿಬ್‌ಗಿಂತ ಜೋರಾದ ಮಾತ್ರೆಗಳಿವೆ. ಯಾವುದು ಎಂಬುದನ್ನು ಉಳಿದ ಕಾಯಿಲೆಗಳು ನಿರ್ಧರಿಸುತ್ತವೆ. ನಿಲೋಟಿನಿಬ್ ರಕ್ತನಾಳ ಕಟ್ಟಿಸಬಹುದು, ಸಕ್ಕರೆ, ಕೊಲೆಸ್ಟರಾಲ್ ಏರಿಸಬಹುದು. ಹೃದ್ರೋಗಿಗೆ, ಸಕ್ಕರೆ ಕಾಯಿಲೆಯವರಿಗೆ ಅದು ಸರಿ ಹೊಂದುವುದಿಲ್ಲ. ಡಾಸಾಟಿನಿಬ್ ಶ್ವಾಸಕೋಶದ ಸುತ್ತ ನೀರು ತುಂಬಿಸಬಹುದು, ಉಸಿರಾಟದ ಕಾಯಿಲೆ ಇದ್ದವರಿಗೆ ಬೇಡ. ಬೋಸುಟಿನಿಬ್‌ನಲ್ಲಿ ಭೇದಿ, ಲಿವರ್ ತೊಂದರೆ. ಬಿಸಿಆರ್-ಎಬಿಎಲ್‌ನಲ್ಲಿ ಟಿ315ಐ ಎಂಬ ಬದಲಾವಣೆ ಇದ್ದರೆ ಇವ್ಯಾವೂ ನಡೆಯುವುದಿಲ್ಲ. ಆಗ ಪೊನಾಟಿನಿಬ್ ಅಥವಾ ಅಸಿಮಿನಿಬ್ ಬೇಕು. ಮಗು ಬೇಕೆನ್ನುವ ಹೆಣ್ಣುಮಗಳ ಚಿಕಿತ್ಸೆಯನ್ನು ವರ್ಷಗಳ ಮೊದಲೇ ಯೋಜಿಸಬೇಕು, ಗರ್ಭದಲ್ಲಿರುವ ಮಗುವಿಗೆ ಈ ಮಾತ್ರೆಗಳು ಹಾನಿ ಮಾಡಬಲ್ಲವು.

ಬಿಸಿಆರ್-ಎಬಿಎಲ್ ಮಟ್ಟ 3 ತಿಂಗಳಿಗೆ ಶೇ. 10ಕ್ಕೆ, 6 ತಿಂಗಳಿಗೆ ಶೇ. 1ಕ್ಕೆ, 12 ತಿಂಗಳಿಗೆ ಶೇ. 0.1ಕ್ಕೆ ಇಳಿಯಬೇಕು. ಇಳಿಯದಿದ್ದರೆ ಮೊದಲು ಕೇಳಬೇಕಾದ್ದು ಮಾತ್ರೆ ದಿನಾ ತಪ್ಪದೆ ನುಂಗುತ್ತಿದ್ದಾರೆಯೇ ಎಂದು. ಬೈಯದೆ ಕೇಳಿದರೆ ಮಾತ್ರ ನಿಜ ಹೊರಬರುತ್ತದೆ. ಹಲವು ವರ್ಷ ಮಟ್ಟ ತುಂಬಾ ಕೆಳಗೇ ಉಳಿದವರು ಮಾತ್ರೆ ನಿಲ್ಲಿಸಿ ನೋಡಬಹುದು. ಹೀಗೆ ನಿಲ್ಲಿಸಿದವರಲ್ಲಿ ಸುಮಾರು ಅರ್ಧ ಜನರಿಗೆ ಕಾಯಿಲೆ ಮರಳುತ್ತದೆ, ಬಹುತೇಕ ಮೊದಲ ಆರು ತಿಂಗಳಲ್ಲೇ. ಮತ್ತೆ ಮಾತ್ರೆ ಶುರು ಮಾಡಿದರೆ ಹೆಚ್ಚುಕಡಿಮೆ ಎಲ್ಲರೂ ಹತೋಟಿಗೆ ಬರುತ್ತಾರೆ. ಆದರೆ ಮರಳಿದ್ದು ತಕ್ಷಣ ಗೊತ್ತಾಗಲು ಮೊದಲ ತಿಂಗಳುಗಳಲ್ಲಿ ತಿಂಗಳಿಗೊಮ್ಮೆ ಬಿಸಿಆರ್-ಎಬಿಎಲ್ ಮಟ್ಟ ಅಳೆಯುವ, ನಂಬಬಹುದಾದ ಪಿಸಿಆರ್ ಪರೀಕ್ಷೆ ಆಗಬೇಕು, ಫಲಿತಾಂಶ ಬೇಗ ಕೈಗೆ ಸಿಗಬೇಕು. ಅದಕ್ಕೆ ವ್ಯವಸ್ಥೆ ಇಲ್ಲದ ಕಡೆ, ಕಾಯಿಲೆ ಎಷ್ಟೇ ಹತೋಟಿಯಲ್ಲಿದ್ದರೂ, ಮಾತ್ರೆ ನಿಲ್ಲಿಸಬಾರದು.